ಬಾಂಡ್ಸ್, ಕ್ಲೆಮೆನ್ಸ್‌ಗೆ ಹಾಲ್ ಆಫ್ ಫೇಮ್ ಗೌರವ ಸಲ್ಲಬೇಕೇ? ಸ್ಟೆರಾಯ್ಡ್ ಕಾಲದ ಬೇಸ್‌ಬಾಲ್ ಕುರಿತ ಚರ್ಚೆ

ಮೂರನೇ_ಬೇಸ್

2025ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಸಮಿತಿ ಸೇರಿ ಜೆಫ್ ಕೆಂಟ್ ಅವರನ್ನು ಆರಿಸಿತು. 16 ಜನರ ಸಮಿತಿ, ಗೆಲ್ಲಲು 12 ಮತ ಬೇಕು, ಕೆಂಟ್‌ಗೆ 14 ಬಿತ್ತು. ಅದೇ ಪಟ್ಟಿಯಲ್ಲಿದ್ದ, ಸ್ಟೆರಾಯ್ಡ್ (ಸ್ನಾಯುಬಲ ಹೆಚ್ಚಿಸುವ ಮದ್ದು) ಬಳಸಿದ ಆರೋಪ ಹೊತ್ತ ಬ್ಯಾಟರ್ ಬ್ಯಾರಿ ಬಾಂಡ್ಸ್, ಪಿಚರ್ (ಚೆಂಡೆಸೆಯುವವರು) ರೋಜರ್ ಕ್ಲೆಮೆನ್ಸ್ ಇಬ್ಬರಿಗೂ ತಲಾ ಐದು ಮತವೂ ಸಿಗಲಿಲ್ಲ. ಕೆಂಟ್ ಮತ್ತು ಬಾಂಡ್ಸ್ 1997ರಿಂದ 2002ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನಲ್ಲಿ ಒಟ್ಟಿಗೆ ಆಡಿದವರು. ಕೆಂಟ್ ಹೊಡೆದದ್ದು 377 ಹೋಮ್ ರನ್ (ಸಿಕ್ಸರ್‌ನಂತೆ ಬೇಲಿ ದಾಟಿಸುವ ಹೊಡೆತ), ಬಾಂಡ್ಸ್ 762. ಇವತ್ತಿಗೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ.

ಕ್ರಿಕೆಟ್ ಮಾತ್ರ ನೋಡಿದವರಿಗಾಗಿ ಆಯ್ಕೆಯ ಕ್ರಮ ಹೇಳಿಬಿಡುತ್ತೇನೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಲ್ಲಿ ಈ ಹಾಲ್ ಇದೆ, ಆಯ್ಕೆಯಾದ ಶ್ರೇಷ್ಠರ ಕಂಚಿನ ಫಲಕ ಅಲ್ಲಿರುತ್ತದೆ. ಕನಿಷ್ಠ 10 ಸೀಸನ್ ಆಡಿ, ನಿವೃತ್ತಿಯಾಗಿ 5 ವರ್ಷ ಕಳೆದವರ ಹೆಸರು ಬೇಸ್‌ಬಾಲ್ ಪತ್ರಕರ್ತರ ಸಂಘದ ಮತಪತ್ರಕ್ಕೆ ಬರುತ್ತದೆ. ಸಂಘದಲ್ಲಿ 10 ವರ್ಷ ಸದಸ್ಯರಾಗಿದ್ದವರಿಗೆ ಮಾತ್ರ ಮತ. ಒಬ್ಬರು ಹೆಚ್ಚೆಂದರೆ 10 ಹೆಸರಿಗೆ ಗುರುತು ಹಾಕಬಹುದು. ಶೇ 75 ಬಂದರೆ ಆಯ್ಕೆ. ಶೇ 5ಕ್ಕಿಂತ ಕಡಿಮೆ ಬಂದರೆ ಹೆಸರು ಬಿದ್ದುಹೋಗುತ್ತದೆ, 10 ವರ್ಷ ಗೆಲ್ಲದೆ ಉಳಿದರೂ ಅಷ್ಟೇ. ಆಮೇಲೆ ಉಳಿಯುವುದು ಸಮಿತಿಯ ದಾರಿ ಒಂದೇ. ಮತದಾರರಿಗೆ ಕೊಟ್ಟ ಸೂಚನೆಯಲ್ಲಿ ಆಟದ ದಾಖಲೆ, ಸಾಮರ್ಥ್ಯದ ಜೊತೆಗೆ ಪ್ರಾಮಾಣಿಕತೆ, ಕ್ರೀಡಾಮನೋಭಾವ, ನಡತೆಯನ್ನೂ ತೂಗಿನೋಡಬೇಕು ಎಂದಿದೆ. ಇಷ್ಟು ವರ್ಷದ ಜಗಳವೆಲ್ಲ ಈ ಸೂಚನೆಯ ಸುತ್ತಲೇ.

ನನ್ನ ನಿಲುವು: ಗೆರೆಯನ್ನು 2004ರಲ್ಲಿ ಎಳೆಯಬೇಕು. 2003ರಲ್ಲಿ ನಡೆದದ್ದು ಹೆಸರು ಗುಟ್ಟಾಗಿಟ್ಟ ಸಮೀಕ್ಷೆ ಪರೀಕ್ಷೆ. ಶೇ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಸಿಕ್ಕಿದರೆ ಮಾತ್ರ ಮರುವರ್ಷದಿಂದ ಕಡ್ಡಾಯ ಪರೀಕ್ಷೆ ಎಂದು ಒಪ್ಪಂದವಾಗಿತ್ತು, ಮಿತಿ ದಾಟಿತು, ಕಡ್ಡಾಯವಾಯಿತು. 2005ರಲ್ಲಿ ಮೊದಲ ಬಾರಿ ಸಿಕ್ಕಿಬಿದ್ದರೆ 10 ದಿನದ ನಿಷೇಧ ಬಂತು. ಅದೇ ವರ್ಷದ ಕೊನೆಗೆ ಅದು 50 ಪಂದ್ಯ, 100 ಪಂದ್ಯ, ಮೂರನೇ ಸಲ ಆಜೀವ ಎಂದಾಯಿತು. 2014ರಲ್ಲಿ 80, 162, ಆಜೀವ. ಈ ಶಿಕ್ಷೆಗಳು ಗೊತ್ತಿದ್ದೂ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದವರಿಗೆ ಗೌರವ ಬೇಡ. ಅದಕ್ಕೂ ಮುಂಚಿನವರನ್ನು ಅವರ ಕಾಲದ ಅಳತೆಯಲ್ಲೇ ಅಳೆಯಬೇಕು.

ಎಡಗೈ_ಪಿಚರ್

ಮುಂಚೆ ನಿಯಮವೇ ಇರಲಿಲ್ಲ ಎಂಬಂತೆ ಬರೆದಿದ್ದೀರಿ, ಅದನ್ನು ಒಪ್ಪಲಾರೆ. ಅಮೆರಿಕದ ಸಂಸತ್ತು 1990ರಲ್ಲೇ ಅನಬಾಲಿಕ್ ಸ್ಟೆರಾಯ್ಡ್‌ಗಳನ್ನು ನಿಯಂತ್ರಿತ ಮದ್ದುಗಳ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. 1991ರ ಜೂನ್‌ನಲ್ಲಿ ಆಗಿನ ಕಮಿಷನರ್ (ಲೀಗಿನ ಮುಖ್ಯಸ್ಥ) ಫೇ ವಿನ್ಸೆಂಟ್ ಎಲ್ಲ ತಂಡಗಳಿಗೂ ಸುತ್ತೋಲೆ ಕಳಿಸಿದರು, ಅದರಲ್ಲಿ ಸ್ಟೆರಾಯ್ಡ್ ಹೆಸರು ಹಿಡಿದೇ ಬರೆದಿತ್ತು. ಪರೀಕ್ಷೆ ಇರಲಿಲ್ಲ, ಸರಿ. ನಿಯಮ ಇತ್ತು. ತಪ್ಪಲ್ಲ ಎಂದು ಅವರಿಗೇ ಅನ್ನಿಸಿದ್ದರೆ ಕದ್ದುಮುಚ್ಚಿ ಚುಚ್ಚಿಸಿಕೊಳ್ಳುವ ಅಗತ್ಯವೇನಿತ್ತು?

ಇನ್ನು ಕಳಕೊಂಡವರ ಲೆಕ್ಕವನ್ನು ಯಾರೂ ತೆಗೆಯುವುದಿಲ್ಲ. ಫ್ರೆಡ್ ಮೆಗ್ರಿಫ್ 493 ಹೋಮ್ ರನ್‌ಗೆ ನಿಂತವರು. ಮದ್ದಿನ ಮಾತು ಬಂದಾಗ ಅವರ ಹೆಸರು ಯಾರ ಬಾಯಲ್ಲೂ ಬಂದಿಲ್ಲ. ಸುತ್ತಮುತ್ತಲಿನವರು 60, 70 ಹೊಡೆಯುತ್ತಿದ್ದಾಗ ಅವರ ವರ್ಷಕ್ಕೆ 30-35 ಎಂಬುದು ಸಾಧಾರಣ ಎನ್ನಿಸಿಬಿಟ್ಟಿತು. ಪತ್ರಕರ್ತರ ಮತಪತ್ರದಲ್ಲಿ 10 ವರ್ಷ ಇದ್ದೂ ಶೇ 40 ಮುಟ್ಟಲಿಲ್ಲ. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಸಮಿತಿ 16ಕ್ಕೆ 16 ಮತ ಕೊಟ್ಟಿತು. ಅದೇ ಸಭೆ ಬಾಂಡ್ಸ್, ಕ್ಲೆಮೆನ್ಸ್‌ರನ್ನು ನಾಲ್ಕು ಮತಕ್ಕಿಂತ ಕೆಳಗಿಟ್ಟಿತು. ಆ ಕೋಣೆಯಲ್ಲಿ ಕೂತವರಲ್ಲಿ ಹಳೆಯ ಆಟಗಾರರೂ ಇದ್ದರು. ಅವರ ತೀರ್ಪಿಗೆ ಬೆಲೆ ಇಲ್ಲವೇ? ಮೆಗ್ರಿಫ್ ಆದರೂ ಹೆಸರು ಮಾಡಿದವರು. ಮೈನರ್ ಲೀಗ್‌ನಿಂದ ಮೇಲೆ ಬರಬೇಕಾದ ಹುಡುಗ, 25 ಜನರ ಪಟ್ಟಿಯ 25ನೇ ಜಾಗವನ್ನು ಮದ್ದು ತೆಗೆದುಕೊಂಡವನಿಗೆ ಬಿಟ್ಟುಕೊಟ್ಟು ಊರಿಗೆ ಹೋದವನು, ಅವನ ಹೆಸರು ಯಾವ ಮತಪತ್ರಕ್ಕೂ ಬರುವುದಿಲ್ಲ.

ಧಾರವಾಡ_ಡಗೌಟ್

ಪಿಚರ್ ಸಾಹೇಬ್ರ, ಸುತ್ತೋಲೆ ಕಳಿಸಿದ್ರು, ಖರೇ. ಅದನ್ನ ಜಾರಿಗೆ ತರಾಕ ಏನ್ ಮಾಡಿದ್ರು ಹೇಳ್ರಿ. ಏನೂ ಇಲ್ಲ. ಆಟಗಾರರ ಯೂನಿಯನ್ ಪರೀಕ್ಷೆ ಬ್ಯಾಡ ಅಂತು, ಮಾಲೀಕರು ಜೋರು ಮಾಡಿ ಕೇಳಲಿಲ್ಲ. 1994ರಾಗ ಮುಷ್ಕರ ಆಗಿ ವರ್ಲ್ಡ್ ಸೀರೀಸೇ (ವರ್ಷದ ಫೈನಲ್ ಸರಣಿ) ರದ್ದಾತು, ಮಂದಿ ಸ್ಟೇಡಿಯಂ ಕಡೆ ಮುಖ ಹಾಕೋದು ಬಿಟ್ರು. 1998ರಾಗ ಮಾರ್ಕ್ ಮೆಗ್ವೈರ್ 70, ಸ್ಯಾಮಿ ಸೋಸಾ 66 ಹೊಡದ್ರು, ಮಂದಿ ತಿರುಗಿ ಬಂದ್ರು, ಟಿಕೆಟ್ ಖರ್ಚಾದ್ವು. ಅದೇ ವರ್ಷ ಮೆಗ್ವೈರ್ ಲಾಕರ್‌ನಾಗ ಆಂಡ್ರೊಸ್ಟೆನ್‌ಡಯೋನ್ ಬಾಟಲಿ ಐತಿ ಅಂತ ಸುದ್ದಿ ಸಂಸ್ಥೆ ವರದಿಗಾರ ಸ್ಟೀವ್ ವಿಲ್‌ಸ್ಟೈನ್ ಬರದ್ರು. ಒಲಿಂಪಿಕ್ಸ್‌ನಾಗ ನಿಷೇಧ ಇದ್ದ ಮಾಲು ಅದು, ಬೇಸ್‌ಬಾಲ್‌ನಾಗ ನಿಷೇಧ ಇದ್ದಿದ್ದಿಲ್ಲ, ಅಂಗಡ್ಯಾಗ ಸಿಗ್ತಿತ್ತು. ಆಗ ಬೈಸಿಕೊಂಡವ್ರು ಯಾರು? ವರದಿಗಾರ. ಬೇಸ್‌ಬಾಲ್ ಆ ಮಾಲು ನಿಷೇಧ ಮಾಡಿದ್ದು 2004ಕ್ಕ.

ಈಗ ನೋಡ್ರಿ. ಆ ಕಾಲದ ಕಮಿಷನರ್ ಬಡ್ ಸೆಲಿಗ್ 2017ರಾಗ ಹಾಲ್ ಒಳಗ ಹೋದ್ರು. ಮೆಗ್ವೈರ್‌ಗ ಮ್ಯಾನೇಜರ್ ಆಗಿದ್ದ ಟೋನಿ ಲಾ ರೂಸಾ 2014ರಾಗ ಹೋದ್ರು. ಅವರ ಗೆಲುವು, ಅವರ ಆದಾಯ ಎಲ್ಲಾ ಇದೇ ಆಟಗಾರರ ಮೈಮ್ಯಾಲ ಬಂದದ್ದು. ಮ್ಯಾಲಿನವ್ರಿಗೆ ಫಲಕ, ಕೆಳಗಿನವ್ರಿಗೆ ಶಿಕ್ಷೆ, ಇದು ನ್ಯಾಯ ಅಲ್ಲ. ಸೆಲಿಗ್ ಆಯ್ಕೆ ಆದ ಮರುತಿಂಗಳ ಮತದಾನದಾಗ ಬಾಂಡ್ಸ್, ಕ್ಲೆಮೆನ್ಸ್ ಇಬ್ಬರೂ ಶೇ 45ರ ಆಸುಪಾಸಿಂದ ಶೇ 54ಕ್ಕ ಜಿಗಿದ್ರು. ಪತ್ರಕರ್ತರಿಗೂ ಇದು ಕಣ್ಣಿಗೆ ಬಿದ್ದಿತ್ತು.

ಹಳೇ ಮಂದಿ ಕಥೀನೂ ಐತಿ. ಪಡ್ ಗ್ಯಾಲ್ವಿನ್ 1889ರಾಗ ಪ್ರಾಣಿಗಳ ವೃಷಣದ ರಸ ಚುಚ್ಚಿಸಿಕೊಂಡು ಪಿಚ್ ಮಾಡಿದಾವ, 1965ರಾಗ ಹಾಲ್‌ಗ ಹೋದ. ಗೇಲಾರ್ಡ್ ಪೆರ‍್ರಿ ಚೆಂಡಿಗೆ ಎಂಜಲು, ಗ್ರೀಸು ಹಚ್ಚತಿದ್ದ. 1920ರಿಂದ ನಿಷೇಧ ಇದ್ದ ಕೆಲಸ ಅದು. 1991ರಾಗ ಅವನೂ ಒಳಗ. ಆಂಫೆಟಮಿನ್ ಗುಳಿಗಿ ಅಂತೂ ದಶಕಗಟ್ಟಲೆ ಡ್ರೆಸ್ಸಿಂಗ್ ರೂಮಿನಾಗ ಸಿಗ್ತಿದ್ವು, ಅದರ ಪರೀಕ್ಷೆ ಶುರು ಆದದ್ದು 2006ಕ್ಕ.

ಲ್ಯಾಬ್_ಬೆಂಚ್

2004ರ ಗೆರೆ ನೋಡಲು ನೇರವಾಗಿದೆ, ಪ್ರಯೋಗಾಲಯದ ಕಡೆಯಿಂದ ನೋಡಿದರೆ ಅಷ್ಟು ನೇರವಿಲ್ಲ. ಬಾಂಡ್ಸ್ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೊಳಗಾದವರಲ್ಲ ಎಂಬ ವಾದ ಈಗ ಬರುತ್ತದೆ, ಅದಕ್ಕೇ ಮೊದಲು ಹೇಳುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಬರ್ಲಿಂಗೇಮ್‌ನಲ್ಲಿ ವಿಕ್ಟರ್ ಕಾಂಟೆ ನಡೆಸುತ್ತಿದ್ದ, ಬಾಂಡ್ಸ್ ಹೆಸರೂ ಕೇಳಿಬಂದ ಬ್ಯಾಲ್ಕೊ ಸಂಸ್ಥೆಯಿಂದ ಎರಡು ಮಾಲು ಹೊರಬರುತ್ತಿತ್ತು. ಒಂದು ಕ್ಲಿಯರ್, ಇನ್ನೊಂದು ಕ್ರೀಮ್. ಕ್ಲಿಯರ್ ಎಂದರೆ ಟಿಎಚ್‌ಜಿ ಎಂಬ ಸ್ಟೆರಾಯ್ಡ್, ನಾಲಗೆಯ ಕೆಳಗೆ ಬಿಟ್ಟುಕೊಳ್ಳುವ ಹನಿ. ಆಗಿನ ಪರೀಕ್ಷಾ ಕ್ರಮದಲ್ಲಿ ಮೂತ್ರದ ಮಾದರಿಯನ್ನು ಸಂಸ್ಕರಿಸಿ, ಬಿಸಿ ಮಾಡಿ, ಅನಿಲ ರೂಪಕ್ಕೆ ತಂದು ಯಂತ್ರಕ್ಕೆ ಬಿಡುತ್ತಿದ್ದರು. ಟಿಎಚ್‌ಜಿ ಆ ಹಂತದಲ್ಲೇ ಒಡೆದುಹೋಗುತ್ತಿತ್ತು, ಯಂತ್ರಕ್ಕೆ ಕಾಣುತ್ತಲೇ ಇರಲಿಲ್ಲ. 2003ರ ಜೂನ್‌ನಲ್ಲಿ ಅಥ್ಲೆಟಿಕ್ಸ್ ಕೋಚ್ ಒಬ್ಬರು ಬಳಸಿದ ಸಿರಿಂಜನ್ನು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಗೆ ಕಳಿಸಿದರು. ಲಾಸ್ ಏಂಜಲೀಸ್‌ನ ಡಾನ್ ಕ್ಯಾಟ್ಲಿನ್ ಅವರ ಪ್ರಯೋಗಾಲಯ ಅದರಲ್ಲಿ ಉಳಿದಿದ್ದ ದ್ರವದಿಂದ ಅಣುವಿನ ರಚನೆ ಕಂಡುಹಿಡಿಯಿತು. ಆಮೇಲೆ ದ್ರವ ರೂಪದಲ್ಲೇ ಬೇರ್ಪಡಿಸುವ ಕ್ರಮ ತಂದು ಪರೀಕ್ಷೆ ಸಿದ್ಧಪಡಿಸಿದರು. ಅಲ್ಲಿಯವರೆಗೆ ಯಾರೂ ಹುಡುಕದ ಮದ್ದು ಅದು.

ಕ್ರೀಮಿನ ಉಪಾಯ ಇನ್ನೂ ಸರಳ. ಮೂತ್ರದಲ್ಲಿ ಟೆಸ್ಟೊಸ್ಟಿರೋನ್ (ಗಂಡಸರ ಹಾರ್ಮೋನ್) ಮತ್ತು ಅದನ್ನೇ ಹೋಲುವ ಎಪಿಟೆಸ್ಟೊಸ್ಟಿರೋನ್ ಪ್ರಮಾಣ ಸಾಮಾನ್ಯವಾಗಿ ಒಂದಕ್ಕೊಂದು ಹತ್ತಿರ ಇರುತ್ತದೆ. ಅನುಮಾನದ ಮಿತಿ ಮೊದಲು 6:1, ಆಮೇಲೆ 4:1. ಹೊರಗಿನಿಂದ ಟೆಸ್ಟೊಸ್ಟಿರೋನ್ ಮಾತ್ರ ಹಾಕಿಕೊಂಡರೆ ಈ ಅನುಪಾತ ಏರುತ್ತದೆ. ಕ್ರೀಮಿನಲ್ಲಿ ಎರಡನ್ನೂ ಬೆರೆಸಿಟ್ಟಿದ್ದರು, ಹಾಗಾಗಿ ಅನುಪಾತ ಏರುತ್ತಿರಲಿಲ್ಲ. ಇದನ್ನು ಹಿಡಿಯಲು ಇಂಗಾಲದ ಐಸೋಟೋಪ್ ಪರೀಕ್ಷೆ ಬೇಕು. ಸೋಯಾದಂಥ ಸಸ್ಯಮೂಲದಿಂದ ತಯಾರಿಸಿದ ಟೆಸ್ಟೊಸ್ಟಿರೋನ್‌ನಲ್ಲಿ ಕಾರ್ಬನ್-13ರ ಪಾಲು ಮೈಯಲ್ಲೇ ಹುಟ್ಟಿದ್ದಕ್ಕಿಂತ ಕಡಿಮೆ, ಆ ವ್ಯತ್ಯಾಸವನ್ನು ಅಳೆಯುತ್ತಾರೆ. ಖರ್ಚು, ಸಮಯ ಎರಡೂ ಹೆಚ್ಚು.

ಬೆಳವಣಿಗೆ ಹಾರ್ಮೋನಿಗಂತೂ ಮೂತ್ರ ಪರೀಕ್ಷೆಯೇ ಇಲ್ಲ, ರಕ್ತ ಬೇಕು. ಬೇಸ್‌ಬಾಲ್‌ನಲ್ಲಿ ಸೀಸನ್ ನಡುವೆ ಆ ರಕ್ತ ಪರೀಕ್ಷೆ ಬಂದದ್ದು 2013ರಲ್ಲಿ. ಅಂದರೆ 2004ರಿಂದ 2012ರವರೆಗೆ ಸಿಕ್ಕಿಬೀಳದೇ ಇದ್ದವರೆಲ್ಲ ಶುದ್ಧ ಎನ್ನಲು ವಿಜ್ಞಾನ ಒಪ್ಪುವುದಿಲ್ಲ. ಆಟಗಾರ ಅಲೆಕ್ಸ್ ರಾಡ್ರಿಗಸ್ ಬಯೋಜೆನೆಸಿಸ್ (ಆಟಗಾರರಿಗೆ ಮದ್ದು ಕೊಟ್ಟ ಕ್ಲಿನಿಕ್) ಪ್ರಕರಣದಲ್ಲಿ ಸಿಕ್ಕಿದ್ದು ಕ್ಲಿನಿಕ್ಕಿನ ಕಡತ, ಸಂದೇಶ, ಸಾಕ್ಷಿಗಳಿಂದ. ಮೂತ್ರದ ಬಾಟಲಿಯಿಂದ ಅಲ್ಲ.

ಅಂಕಿ_ಆಚಾರ್

ಮದ್ದು ಎಷ್ಟು ಕೆಲಸ ಮಾಡಿತು ಎಂಬುದನ್ನು ಯಾರೂ ಅಳೆದಿಲ್ಲ ಎನ್ನುತ್ತಾರೆ. ಬಾಂಡ್ಸ್ ವಿಷಯದಲ್ಲಿ ಒಂದು ಒರಟು ಲೆಕ್ಕ ಹಾಕಬಹುದು. ಆರೋಪದ ಪ್ರಕಾರ ಅವರು ಶುರು ಮಾಡಿದ್ದು 1998ರ ಸೀಸನ್ ಮುಗಿದ ಮೇಲೆ. ಅಲ್ಲಿಗೇ ಕಡಿದು ನೋಡಿ. 1998ರ ಕೊನೆಗೆ 6,621 ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ), 411 ಹೋಮ್ ರನ್, ಅಂದರೆ 16.1ಕ್ಕೆ ಒಂದು. ಅಲ್ಲಿಂದ 2007ರವರೆಗೆ 3,226 ಅಟ್-ಬ್ಯಾಟ್, 351 ಹೋಮ್ ರನ್, 9.2ಕ್ಕೆ ಒಂದು. ಅದೂ 34 ವಯಸ್ಸು ದಾಟಿದ ಮೇಲೆ, ಸಾಮಾನ್ಯವಾಗಿ ಎಲ್ಲರೂ ಇಳಿಯುವ ವಯಸ್ಸಿನಲ್ಲಿ. 2001ರಲ್ಲಿ 73 ಹೊಡೆದರು. 2004ರಲ್ಲಿ 232 ವಾಕ್ (ಪಿಚರ್ ನಾಲ್ಕು ಚೆಂಡು ಆಚೆ ಹಾಕಿದ್ದಕ್ಕೆ ಸಿಗುವ ಬಿಟ್ಟಿ ಬೇಸ್), ಅದರಲ್ಲಿ 120 ಬೇಕೆಂದೇ ಕೊಟ್ಟದ್ದು. ಎದುರಾಳಿ ಪಿಚರ್‌ಗಳು ಚೆಂಡು ಹಾಕಲಿಕ್ಕೇ ಹೆದರಿದರು.

ಭೌತಶಾಸ್ತ್ರವೂ ಹೊಂದುತ್ತದೆ. ಬ್ಯಾಟಿನಿಂದ ಹೊರಡುವ ಚೆಂಡಿನ ವೇಗ ಗಂಟೆಗೆ ಒಂದು ಮೈಲಿ ಹೆಚ್ಚಿದರೆ ಅದು ಸುಮಾರು 5 ಅಡಿ ಹೆಚ್ಚು ದೂರ ಹೋಗುತ್ತದೆ. ಬೇಲಿ ಮೂಲೆಯಲ್ಲಿ 330 ಅಡಿ, ಮಧ್ಯದಲ್ಲಿ 400 ಅಡಿ ಆಸುಪಾಸು. ಬೇಲಿಯ ಹತ್ತಿರ ಕ್ಯಾಚ್ ಆಗುವ ಹೊಡೆತಗಳು ಬೇಕಾದಷ್ಟು ಇರುತ್ತವೆ, ಅವಕ್ಕೆ 15-20 ಅಡಿ ಸೇರಿದರೆ ಸಾಕು. ಇನ್ನೊಂದು ಲಾಭ ಚೇತರಿಕೆ: ಆರು ತಿಂಗಳಲ್ಲಿ 162 ಪಂದ್ಯ, ಆಗಸ್ಟ್ ಹೊತ್ತಿಗೆ ಎಲ್ಲರ ಮೈಯೂ ಸೋತಿರುತ್ತದೆ.

ಆದರೆ ಪೂರ್ತಿ ಏರಿಕೆಯನ್ನು ಮದ್ದಿನ ಲೆಕ್ಕಕ್ಕೇ ಬರೆಯಬಾರದು. 1993 ಮತ್ತು 1998ರಲ್ಲಿ ತಲಾ ಎರಡು ಹೊಸ ತಂಡ ಬಂದು 26 ಇದ್ದದ್ದು 30 ಆಯಿತು, ಪಿಚಿಂಗ್ ತೆಳುವಾಯಿತು. ಅದರಲ್ಲಿ ಒಂದು ತಂಡ ಆಡುವುದು ಸಮುದ್ರಮಟ್ಟದಿಂದ 5,280 ಅಡಿ ಎತ್ತರದ ಡೆನ್ವರ್‌ನಲ್ಲಿ. ಹೊಸ ಸ್ಟೇಡಿಯಂಗಳಲ್ಲಿ ಕೆಲವು ಚಿಕ್ಕವು.

ಮುಖ್ಯ ಮಾತು ಇದು. 1998ರ ಕೊನೆಗೇ ಬಾಂಡ್ಸ್ ಹತ್ತಿರ 411 ಹೋಮ್ ರನ್, 445 ಸ್ಟೀಲ್ (ಓಡಿ ಕದ್ದ ಬೇಸ್), 3 ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ), 8 ಗೋಲ್ಡ್ ಗ್ಲವ್ (ಫೀಲ್ಡಿಂಗ್ ಪ್ರಶಸ್ತಿ) ಇತ್ತು. ಅಲ್ಲಿಗೇ ನಿಲ್ಲಿಸಿದ್ದರೂ ಮೊದಲ ವರ್ಷವೇ ಆಯ್ಕೆಯಾಗುವಷ್ಟು. ಕ್ಲೆಮೆನ್ಸ್ ಕೂಡ ಬಾಸ್ಟನ್ ಬಿಡುವ ಹೊತ್ತಿಗೆ 192 ಗೆಲುವು, 3 ಸೈ ಯಂಗ್ (ಶ್ರೇಷ್ಠ ಪಿಚರ್ ಪ್ರಶಸ್ತಿ), ಒಂದು ಎಂವಿಪಿ ಗಳಿಸಿದ್ದರು. ಅವರ ಮೇಲಿನ ಆರೋಪ ಶುರುವಾಗುವುದು 1998ರಿಂದ, ಟೊರಾಂಟೊದಲ್ಲಿ.

ಎಡಗೈ_ಪಿಚರ್

ಆಚಾರ್ರೇ, ನಿಮ್ಮ 16.1 ಮತ್ತು 9.2 ನನ್ನ ವಾದಕ್ಕೇ ಬಲ ಕೊಡುತ್ತವೆ. ಆದರೆ “ಮುಂಚೆಯೇ ಅರ್ಹರಾಗಿದ್ದರು” ಎಂಬುದನ್ನು ಒಪ್ಪುವುದಿಲ್ಲ. ಹಾಲ್ ಆಯ್ಕೆ ಮಾಡುವುದು ಇಡೀ ವೃತ್ತಿಜೀವನವನ್ನು, ಬೇಕಾದ ತುಂಡು ಕತ್ತರಿಸಿಕೊಂಡು ಅಲ್ಲ. ಆಗಲೇ ಅಷ್ಟು ದೊಡ್ಡ ಆಟಗಾರನಾಗಿದ್ದವನು ಹೊಟ್ಟೆಪಾಡಿಗೆಂದು ಮದ್ದು ಮುಟ್ಟಲಿಲ್ಲ. ಅವನ ತಪ್ಪು ದೊಡ್ಡದಾಗುವುದು ಅದಕ್ಕೇ. 2002, 2003ರ ಎಂವಿಪಿ ಪಟ್ಟಿಯಲ್ಲಿ ಬಾಂಡ್ಸ್ ಹಿಂದೆ ಎರಡನೆಯವರಾಗಿದ್ದವರು ಆಲ್ಬರ್ಟ್ ಪುಹೋಲ್ಸ್, 2004ರಲ್ಲಿ ಏಡ್ರಿಯನ್ ಬೆಲ್‌ಟ್ರೆ. ಆ ಬಹುಮಾನಗಳನ್ನು ಅವರಿಗೆ ಈಗ ಯಾರು ಕೊಡುತ್ತಾರೆ?

ಕುಡ್ಲದ_ಕ್ಯಾಚರ್

ಮಾರಾಯ್ರೆ, ಸರಿ ತಪ್ಪಿನ ಚರ್ಚೆ ನಡೀಲಿ, ಆದ್ರೆ ಮತದ ಯಂತ್ರ ಹೇಗೆ ತಿರುಗ್ತದೆ ಅಂತ ಕೂಡ ನೋಡ್ಬೇಕಲ್ವಾ.

2022ರಲ್ಲಿ ಪತ್ರಕರ್ತರ ಮತಪತ್ರದಲ್ಲಿ ಇಬ್ಬರಿಗೂ ಕೊನೆಯ ವರ್ಷ. ಒಟ್ಟು 394 ಮತ, ಬೇಕಾದದ್ದು 296. ಬಾಂಡ್ಸ್‌ಗೆ 260, ಕ್ಲೆಮೆನ್ಸ್‌ಗೆ 257. ಅದೇ ವರ್ಷ ಡೇವಿಡ್ ಓರ್ಟಿಜ್ ಮೊದಲ ಯತ್ನದಲ್ಲೇ 307 ತಗೊಂಡು ಒಳಗೆ ಹೋದ್ರು. 2003ರ ಗುಟ್ಟಿನ ಪರೀಕ್ಷೆಯಲ್ಲಿ ಮದ್ದು ಸಿಕ್ಕವರ ಪಟ್ಟಿಯಲ್ಲಿ ಓರ್ಟಿಜ್ ಹೆಸರು ಕೂಡ ಇತ್ತು ಅಂತ 2009ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು.

ಅಂದ್ರೆ ಮೂರರಲ್ಲಿ ಎರಡು ಪಾಲು ಪತ್ರಕರ್ತರು ಬಾಂಡ್ಸ್ ಬೇಕು ಅಂದಿದ್ದಾರೆ. ಸಮಿತಿಯಲ್ಲಿ ಯಾಕೆ ಐದೂ ಬರಲಿಲ್ಲ? ಒಂದು ಕಾರಣ ಮನಸ್ಸು, ಇನ್ನೊಂದು ಲೆಕ್ಕ. ಸಮಿತಿಯ ಪಟ್ಟಿಯಲ್ಲಿ 8 ಹೆಸರು, ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 3 ಮತ. 16 ಜನಕ್ಕೆ ಒಟ್ಟು 48. ಕೆಂಟ್ 14, ಕಾರ್ಲೋಸ್ ಡೆಲ್‌ಗಾಡೊ 9, ಡಾನ್ ಮ್ಯಾಟಿಂಗ್ಲಿ 6, ಡೇಲ್ ಮರ್ಫಿ 6, ಅಲ್ಲಿಗೇ 35 ಆಯ್ತು. ಉಳಿದ ನಾಲ್ಕು ಜನ ಹಂಚಿಕೊಳ್ಲಿಕ್ಕೆ ಹೆಚ್ಚೆಂದರೆ 13. ಎರಡು ಮೂರು ಜನ ವಿವಾದದ ಹೆಸರು ಪಟ್ಟಿಯಲ್ಲಿ ಉಂಟಾದರೆ ಅವರವರಲ್ಲೇ ಮತ ಹರಿದು ಹೋಗ್ತದೆ.

ಈಗ ಹೊಸ ನಿಯಮ ಬೇರೆ ಉಂಟು. ಐದಕ್ಕಿಂತ ಕಡಿಮೆ ಬಂದವರ ಹೆಸರು ಮುಂದಿನ ಸುತ್ತಿಗೆ, ಅಂದ್ರೆ 2028ಕ್ಕೆ, ಬರುವ ಹಾಗಿಲ್ಲ. 2031ರ ಡಿಸೆಂಬರ್‌ಗೆ ಬರಬಹುದು, ಆಯ್ಕೆ ಪಟ್ಟಿ ಮಾಡುವವರು ಹೆಸರು ಹಾಕಿದರೆ ಮಾತ್ರ. ಆವಾಗ್ಲೂ ಐದಕ್ಕಿಂತ ಕಡಿಮೆ ಬಂದ್ರೆ ಶಾಶ್ವತವಾಗಿ ಹೊರಗೆ.

ಧಾರವಾಡ_ಡಗೌಟ್

ಕ್ಯಾಚರ್ ಅಣ್ಣಾರ ಲೆಕ್ಕ ಓದಿ ಸಿಟ್ಟು ಬಂತು ನೋಡ್ರಿ. ಸತ್ಯ ಏನು ಅಂತ ಕೂತು ವಿಚಾರ ಮಾಡಿದ್ರ ಒಪ್ಪಬಹುದಿತ್ತು. ಇದು ನಿಯಮ ಬರದು ಬಾಗಿಲಿಗೆ ಕೀಲಿ ಹಾಕಿದಂಗ. ಮತ್ತ ಇದೇ 2026ರ ಜನವರಿಯೊಳಗ ಪತ್ರಕರ್ತರು ಕಾರ್ಲೋಸ್ ಬೆಲ್ಟ್ರಾನ್ ಅವರನ್ನ ಆರಿಸಿದ್ರು. 2017ರ ಹ್ಯೂಸ್ಟನ್ ಆಸ್ಟ್ರೋಸ್ ಕ್ಯಾಮೆರಾ ಇಟ್ಟು, ಎದುರಾಳಿ ಕ್ಯಾಚರ್ ಪಿಚರ್‌ಗ ಮಾಡೋ ಸನ್ನೆ ಕದ್ದದ್ದು ಲೀಗ್ ತನಿಖೆಯೊಳಗ ಸಾಬೀತಾತು, ವರದಿಯೊಳಗ ಹೆಸರು ಬಂದ ಆಟಗಾರ ಅವರೊಬ್ಬರೇ. ಮೂರು ವರ್ಷ ಕಾಯಿಸಿ ಕ್ಷಮಾ ಮಾಡಿದ್ರು. ಆ ಕ್ಷಮಾ ಇವ್ರಿಗೂ ಬರಬೇಕಲ್ರಿ?

ಮೂರನೇ_ಬೇಸ್

ಲ್ಯಾಬ್_ಬೆಂಚ್ ಹೇಳಿದ್ದು ಸರಿ, ಪರೀಕ್ಷೆಯಿಂದ ಎಲ್ಲ ಸತ್ಯವೂ ಹೊರಬರುವುದಿಲ್ಲ. ಆದರೂ ನನ್ನ ಗೆರೆ ಯಾರು ಶುದ್ಧ ಎಂದು ಹೇಳಲಿಕ್ಕಲ್ಲ, ಯಾರಿಗೆ ಎಚ್ಚರಿಕೆ ಸಿಕ್ಕಿತ್ತು ಎಂದು ಹೇಳಲಿಕ್ಕೆ. ರಫಾಯೆಲ್ ಪಾಲ್ಮೇರೊ 3,020 ಹಿಟ್, 569 ಹೋಮ್ ರನ್ ಗಳಿಸಿದವರು. 2005ರ ಮಾರ್ಚ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಬೆರಳೆತ್ತಿ ತಾನೆಂದೂ ಮುಟ್ಟಿಲ್ಲ ಎಂದರು. ಆಗಸ್ಟ್ 1ಕ್ಕೆ ನಿಷೇಧ, ಸಿಕ್ಕಿದ್ದು ಸ್ಟಾನೋಜೊಲಾಲ್ ಎಂಬ ಸ್ಟೆರಾಯ್ಡ್. ಮ್ಯಾನಿ ರಮಿರೆಜ್ 2009ರಲ್ಲಿ 50 ಪಂದ್ಯ ಹೊರಗಿದ್ದು ಬಂದವರು 2011ರಲ್ಲಿ ಮತ್ತೆ ಸಿಕ್ಕಿಬಿದ್ದರು. ಇವರಿಗೆ ಗೊತ್ತಿತ್ತು. ರಮಿರೆಜ್ ಅವರ 10 ವರ್ಷ 2026ಕ್ಕೆ ಮುಗಿಯಿತು, ಆಯ್ಕೆಯಾಗಲಿಲ್ಲ. ಅದು ನ್ಯಾಯವೇ.

ಇನ್ನೊಂದು ಅನ್ಯಾಯ ಯಾರೂ ಎತ್ತಲಿಲ್ಲ. ಜೆಫ್ ಬ್ಯಾಗ್ವೆಲ್ ಮೇಲೆ ಪರೀಕ್ಷೆ, ಸಾಕ್ಷಿ, ಕಡತ ಏನೂ ಇರಲಿಲ್ಲ. ತೋಳು ದಪ್ಪ ಎಂಬ ಗುಸುಗುಸು ಅಷ್ಟೇ. 2011ರಲ್ಲಿ ಶೇ 41.7ರಿಂದ ಶುರುವಾಗಿ 2017ರವರೆಗೆ ಕಾಯಬೇಕಾಯಿತು. ಮೈಕ್ ಪಿಯಾಜಾ ನಾಲ್ಕನೇ ಯತ್ನಕ್ಕೆ ಒಳಗಾದರು. ಹಾಲ್‌ನ ಆಡಳಿತ ಮಂಡಳಿ ಒಂದು ಗೆರೆ ಎಳೆದು ಬರೆದುಕೊಟ್ಟಿದ್ದರೆ ಇಂಥ ಅನುಮಾನದ ಮತಗಳು ಬೀಳುತ್ತಿರಲಿಲ್ಲ. ನಡತೆ ನೋಡಿ ಎಂದು ಹೇಳಿ ಮತದಾರರ ತಲೆಗೆ ಕಟ್ಟಿ ಸುಮ್ಮನಾದರು.

ಲ್ಯಾಬ್_ಬೆಂಚ್

ಓರ್ಟಿಜ್ ಬಗ್ಗೆ ಒಂದು ತಾಂತ್ರಿಕ ವಿವರ, ಏಕೆಂದರೆ ಬಾಂಡ್ಸ್ ಜೊತೆ ಅವರನ್ನು ಒಂದೇ ತಕ್ಕಡಿಗೆ ಹಾಕಲಾಗದು. 2003ರಲ್ಲಿ ದೇಹದಾರ್ಢ್ಯದ ಅಂಗಡಿಗಳಲ್ಲಿ ಸಿಗುತ್ತಿದ್ದ ಕೆಲವು ಪುಡಿ, ಮಾತ್ರೆಗಳು ಮೈಯೊಳಗೆ ಹೋಗಿ ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡ್‌ನ ಅವಶೇಷವನ್ನೇ ಮೂತ್ರದಲ್ಲಿ ಬಿಡುತ್ತಿದ್ದವು. ಆಗ ಅವು ಕಾನೂನುಬದ್ಧ, 2005ರ ಜನವರಿಯಿಂದ ನಿಷಿದ್ಧ. ಯಂತ್ರದಲ್ಲಿ ಕಂಡದ್ದು ಸೂಜಿಯಿಂದ ಬಂತೋ ಅಂಗಡಿಯ ಡಬ್ಬಿಯಿಂದ ಬಂತೋ ಎಂದು ತೀರ್ಮಾನಿಸಲು ಹೆಚ್ಚಿನ ಪರೀಕ್ಷೆ ಬೇಕಿತ್ತು. ಶೇ 5ರ ಮಿತಿ ಹೇಗೂ ದಾಟಿದ್ದರಿಂದ ಅನುಮಾನದ ಮಾದರಿಗಳನ್ನು ಮತ್ತೆ ಪರೀಕ್ಷಿಸುವ ಅಗತ್ಯ ಬೀಳಲಿಲ್ಲ. ಕನಿಷ್ಠ 10 ಫಲಿತಾಂಶಗಳ ಬಗ್ಗೆ ವೈಜ್ಞಾನಿಕ ಪ್ರಶ್ನೆಗಳಿದ್ದವು ಎಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2016ರಲ್ಲಿ ಹೇಳಿದರು. ಆ ಪಟ್ಟಿಯನ್ನು ಸಾಕ್ಷಿ ಎಂದು ಬಳಸುವುದು ತಪ್ಪು.

ಮಾದರಿ ಸಾಗಿಸುವ ಹಂತದಲ್ಲೂ ಕೆಡುತ್ತದೆ. ರಯಾನ್ ಬ್ರೌನ್ 2011ರ ಅಕ್ಟೋಬರ್ ಶನಿವಾರ ಕೊಟ್ಟ ಮೂತ್ರವನ್ನು ಸಂಗ್ರಾಹಕ ಅದೇ ದಿನ ಕೊರಿಯರ್‌ಗೆ ಹಾಕದೆ ಸೋಮವಾರದವರೆಗೆ, ಸುಮಾರು 44 ಗಂಟೆ, ಮನೆಯಲ್ಲಿಟ್ಟುಕೊಂಡರು. ಮುದ್ರೆ ಒಡೆದಿರಲಿಲ್ಲ. ಆದರೂ ಕ್ರಮ ತಪ್ಪಿದೆ ಎಂದು ಮಧ್ಯಸ್ಥಗಾರರು 2012ರಲ್ಲಿ ಶಿಕ್ಷೆ ರದ್ದು ಮಾಡಿದರು. ಮುಂದಿನ ವರ್ಷ ಬಯೋಜೆನೆಸಿಸ್‌ನಲ್ಲಿ ಅವರೇ 65 ಪಂದ್ಯದ ನಿಷೇಧ ಒಪ್ಪಿಕೊಂಡರು.

ಕುಡ್ಲದ_ಕ್ಯಾಚರ್

ಕ್ರಿಕೆಟಿನ ಒಂದು ವಿಷಯ ಇಲ್ಲಿಗೆ ಹೊಂದ್ತದೆ. ಶೇನ್ ವಾರ್ನ್ 2003ರ ವಿಶ್ವಕಪ್ ಹೊತ್ತಿಗೆ ಮೂತ್ರವರ್ಧಕ ಮಾತ್ರೆಗೆ ಸಿಕ್ಕಿಬಿದ್ದು 12 ತಿಂಗಳು ಹೊರಗೆ ಕೂತಿದ್ರು. ತೂಕ ಇಳಿಸ್ಲಿಕ್ಕೆ ತಗೊಂಡದ್ದು ಅಂದ್ರು, ಆದ್ರೆ ಬೇರೆ ಮದ್ದನ್ನು ಮರೆಮಾಡ್ತದೆ ಅಂತ ಅದೂ ನಿಷಿದ್ಧ. 2013ರಲ್ಲಿ ಐಸಿಸಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು. ಶಿಕ್ಷೆ ಅನುಭವಿಸಿ ಆಯ್ತು, ಅಲ್ಲಿಗೆ ಲೆಕ್ಕ ಚುಕ್ತಾ ಅಂತ.

ಹಾಗೆ ನೋಡಿದ್ರೆ ಮೂರನೇ_ಬೇಸ್ ಅವರ ಗೆರೆ ತಲೆಕೆಳಗಾಗ್ತದೆ. ರಾಡ್ರಿಗಸ್ 2014ರ ಇಡೀ ಸೀಸನ್ 162 ಪಂದ್ಯ ಹೊರಗೆ ಕೂತವರು. ಬಾಂಡ್ಸ್ ಇದಕ್ಕಾಗಿ ಒಂದು ಪಂದ್ಯವೂ ಹೊರಗೆ ಕೂತಿಲ್ಲ. ಶಿಕ್ಷೆ ಮುಗಿಸಿದವನಿಗೆ ಬಾಗಿಲು ಮುಚ್ಚಿ, ಶಿಕ್ಷೆಯೇ ಆಗದವನಿಗೆ ತೆರೆಯುವುದು ಹೇಗೆ ಸರಿ?

ಮೂರನೇ_ಬೇಸ್

ಕ್ಯಾಚರ್ ಅವರೇ, ಗಟ್ಟಿ ಪ್ರಶ್ನೆ. ಶಿಕ್ಷೆ ಮುಗಿದರೆ ಆಡುವ ಹಕ್ಕು ಮರಳಿ ಬರುತ್ತದೆ, ಸಂಬಳ ಬರುತ್ತದೆ. ಗೌರವ ಹಕ್ಕಲ್ಲ. ವಾರ್ನ್ ಸಿಕ್ಕಿದ್ದು ಒಂದೇ ಸಲ, ಆಮೇಲೆ ಮೂರು ವರ್ಷ ಪರೀಕ್ಷೆಗಳ ನಡುವೆಯೇ ಟೆಸ್ಟ್ ಆಡಿದರು. ರಾಡ್ರಿಗಸ್ 2009ರಲ್ಲಿ 2001ರಿಂದ 2003ರವರೆಗೆ ತೆಗೆದುಕೊಂಡಿದ್ದೆ ಎಂದು ಒಪ್ಪಿ ಕ್ಷಮೆ ಕೇಳಿದರು, ನಾಲ್ಕು ವರ್ಷದಲ್ಲಿ ಮತ್ತೆ ಸಿಕ್ಕಿಬಿದ್ದರು. ಮೊದಲು 211 ಪಂದ್ಯದ ಶಿಕ್ಷೆ, ಮಧ್ಯಸ್ಥಿಕೆಯಲ್ಲಿ 162ಕ್ಕೆ ಇಳಿಯಿತು, ಲೀಗಿನ ಮೇಲೂ ಸ್ವಂತ ಯೂನಿಯನ್ ಮೇಲೂ ದಾವೆ ಹೂಡಿ ಹಿಂದಕ್ಕೆ ಪಡೆದರು. 2009ರ ಒಪ್ಪಿಗೆ ಒಂದೇ ಇದ್ದು ಅಲ್ಲಿಗೆ ನಿಂತಿದ್ದರೆ ನಾನು ಅವರ ಪರ ಇರುತ್ತಿದ್ದೆ.

ಎಡಗೈ_ಪಿಚರ್

ಬಾಂಡ್ಸ್‌ರನ್ನು ಹೊರಗಿಟ್ಟರೆ ಇತಿಹಾಸ ಅಳಿಸಿದಂತೆ ಎಂದು ಯಾರಾದರೂ ಹೇಳುವ ಮುಂಚೆ ಒಂದು ವಿಷಯ. ಕೂಪರ್ಸ್‌ಟೌನ್‌ನಲ್ಲಿ ಸಂಗ್ರಹಾಲಯ ಬೇರೆ, ಫಲಕಗಳ ಕೋಣೆ ಬೇರೆ. ಬಾಂಡ್ಸ್ 2007ರ ಆಗಸ್ಟ್ 7ರಂದು ಹೊಡೆದ, ಹಳೆಯ ದಾಖಲೆ ಮುರಿದ 756ನೇ ಹೋಮ್ ರನ್ನಿನ ಚೆಂಡು ಸಂಗ್ರಹಾಲಯಕ್ಕೆ ಸೇರಿದೆ. ಫ್ಯಾಷನ್ ವಿನ್ಯಾಸಕಾರ ಮಾರ್ಕ್ ಎಕೊ 7,52,467 ಡಾಲರಿಗೆ ಅದನ್ನು ಕೊಂಡು, ಜನರ ಮತ ಕೇಳಿ, ನಕ್ಷತ್ರ ಚಿಹ್ನೆ (ದಾಖಲೆಯ ಮೇಲೆ ಅನುಮಾನವಿದೆ ಎಂಬ ಗುರುತು) ಕೊರೆಸಿ ಕೊಟ್ಟರು. ದಾಖಲೆ ಪುಸ್ತಕದಲ್ಲೂ 762 ಹಾಗೇ ಇದೆ. ಇತಿಹಾಸ ಎಲ್ಲೂ ಹೋಗಿಲ್ಲ. ಕಂಚಿನ ಫಲಕ ಮಾತ್ರ ಇಲ್ಲ, ಅದು ಮಾದರಿಯಾಗಿ ತೋರಿಸಬೇಕಾದವರಿಗೆ ಮೀಸಲು.

ಅಂಕಿ_ಆಚಾರ್

ಆ ಕೋಣೆಯಲ್ಲಿ ಕರಿಯರನ್ನು ಆಟದಿಂದ ಹೊರಗಿಡಲು ದುಡಿದ ಕ್ಯಾಪ್ ಆನ್ಸನ್ ಇದ್ದಾರೆ. ಮಾದರಿ ವ್ಯಕ್ತಿಗಳ ಕೋಣೆ ಎಂದು ಅದನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ನನ್ನ ಸಲಹೆ ಬೇರೆ: ಆರಿಸಿ, ಫಲಕದಲ್ಲೇ ಬರೆಯಿರಿ. ಬಾಂಡ್ಸ್‌ಗೆ ಹೀಗೆ: “762 ಹೋಮ್ ರನ್, 7 ಎಂವಿಪಿ, 8 ಗೋಲ್ಡ್ ಗ್ಲವ್. 1999ರ ನಂತರದ ಸಾಧನೆಗಳು ಉದ್ದೀಪನ ಮದ್ದಿನ ನೆರವಿನಿಂದ ಬಂದವು.”

ಲ್ಯಾಬ್_ಬೆಂಚ್

ಎರಡನೇ ವಾಕ್ಯ ನಿಲ್ಲುವುದಿಲ್ಲ, ಆಚಾರ್. ಕಂಚಿನಲ್ಲಿ ಕೆತ್ತುವುದು ಸಾಬೀತಾದದ್ದಾಗಿರಬೇಕು. ಪತ್ರಿಕೆಗಳಲ್ಲಿ ಬಂದ ಪ್ರಕಾರ ಬಾಂಡ್ಸ್ 2003ರ ಡಿಸೆಂಬರ್‌ನಲ್ಲಿ ಬ್ಯಾಲ್ಕೊ ತನಿಖೆಯ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ಮಂಡಳಿ) ಮುಂದೆ ಹೇಳಿದ್ದು ತರಬೇತುದಾರ ಗ್ರೆಗ್ ಆಂಡರ್ಸನ್ ಕೊಟ್ಟದ್ದನ್ನು ಅಗಸೆ ಎಣ್ಣೆ, ನೋವಿನ ಮುಲಾಮು ಎಂದು ನಂಬಿ ಬಳಸಿದೆ ಎಂದು. 2011ರಲ್ಲಿ ನ್ಯಾಯಕ್ಕೆ ಅಡ್ಡಿ ಎಂಬ ಒಂದು ಆರೋಪದಲ್ಲಿ ದೋಷಿ ಎಂದಾಯಿತು, 2015ರಲ್ಲಿ ಮೇಲ್ಮನವಿಯಲ್ಲಿ ಅದೂ ರದ್ದಾಯಿತು. ಕ್ಲೆಮೆನ್ಸ್ ವಿರುದ್ಧ ಬ್ರಯಾನ್ ಮೆಕ್‌ನಮೀ ಎಂಬ ತರಬೇತುದಾರನ ಹೇಳಿಕೆ, ಅವನು ಬಿಯರ್ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಸೂಜಿ, ಹತ್ತಿ ಇದ್ದವು. 2012ರಲ್ಲಿ ಜ್ಯೂರಿ ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಮದ್ದಿನ ಬಳಕೆ ಕುರಿತು ಲೀಗ್ ಮಾಡಿಸಿದ ತನಿಖೆಯದ್ದೇ ಮಿಚೆಲ್ ವರದಿ. ಕೆತ್ತಬಹುದಾದದ್ದು ಇಷ್ಟೇ: “2007ರ ಡಿಸೆಂಬರ್ 13ರ ಮಿಚೆಲ್ ವರದಿಯಲ್ಲಿ ಹೆಸರಿಸಲಾದ 89 ಆಟಗಾರರಲ್ಲಿ ಒಬ್ಬರು.” ಇದು ಇಬ್ಬರಿಗೂ ಹೊಂದುತ್ತದೆ, ಯಾರೂ ಅಲ್ಲಗಳೆಯಲಾರರು.

ಎಡಗೈ_ಪಿಚರ್

ಆ ವರದಿ ಬರೆದ ಜಾರ್ಜ್ ಮಿಚೆಲ್ ಬಾಸ್ಟನ್ ರೆಡ್ ಸಾಕ್ಸ್‌ನ ನಿರ್ದೇಶಕರಾಗಿದ್ದರು, ಮುಖ್ಯ ಮಾಹಿತಿ ಬಂದದ್ದು ಮೆಕ್‌ನಮೀ ಮತ್ತು ಕ್ಲಬ್ ಹೌಸ್ ನೌಕರ ಕರ್ಕ್ ರಾಡೊಮ್ಸ್ಕಿ ಎಂಬ ಇಬ್ಬರಿಂದಲೇ, ಹಾಗಾಗಿ 89ರಲ್ಲಿ ಬಹುಪಾಲು ಅವರ ಗಿರಾಕಿಗಳೇ. ಬೇರೆಯವರಿಂದ ಮದ್ದು ಕೊಂಡ ಎಷ್ಟೋ ಜನ ಆ ಪಟ್ಟಿಗೆ ಬಂದಿರಲಿಕ್ಕಿಲ್ಲ. ಆದರೂ ಈ ವಾಕ್ಯ ಸುಳ್ಳಲ್ಲ. ಫಲಕದಲ್ಲಿ ಇದು ಇದ್ದರೆ ಬಾಂಡ್ಸ್ ವಿಷಯದಲ್ಲಿ ನನ್ನ ವಿರೋಧ ಬಿಡುತ್ತೇನೆ, 1998ರವರೆಗಿನ ಆಟದ ಬಲದ ಮೇಲೆ. ಮೆಗ್ವೈರ್, ಸೋಸಾ ವಿಷಯದಲ್ಲಿ ಬಿಡುವುದಿಲ್ಲ. ಅವರ ಲೆಕ್ಕದಿಂದ ಆ ಮೂರ್ನಾಲ್ಕು ವರ್ಷದ ಹೋಮ್ ರನ್ ತೆಗೆದರೆ ಹಾಲ್‌ಗೆ ಬೇಕಾಗುವಷ್ಟು ಆಟ ಉಳಿಯುವುದಿಲ್ಲ.

ಕುಡ್ಲದ_ಕ್ಯಾಚರ್

ಹಾಗಾದ್ರೆ ಕೆಲಸ ಈಗ ಹಾಲ್‌ನ ಆಡಳಿತ ಮಂಡಳಿಯದ್ದು. 2031ಕ್ಕೆ ಮೊದಲು ಎರಡು ಆಗ್ಬೇಕು: ಸದಸ್ಯನಿಗೆ 3 ಮತದ ಮಿತಿ ತೆಗೀಬೇಕು, ಫಲಕದಲ್ಲಿ ಈ ವಾಕ್ಯ ಹಾಕ್ತೇವೆ ಅಂತ ಮತದಾನಕ್ಕೆ ಮೊದಲೇ ಘೋಷಿಸ್ಬೇಕು. ಅಷ್ಟು ಹೊತ್ತಿಗೆ ಬಾಂಡ್ಸ್‌ಗೆ 67, ಕ್ಲೆಮೆನ್ಸ್‌ಗೆ 69 ಆಗ್ತದೆ. ರಾಡ್ರಿಗಸ್ ಅವರ 10ನೇ ಮತಪತ್ರವೂ 2031ರ ಜನವರಿಗೇ ಮುಗೀತದೆ. ಪತ್ರಕರ್ತರು ಅವರನ್ನು ಏನು ಮಾಡ್ತಾರೆ ಅಂತ ಸಮಿತಿ ನೋಡಿಯೇ ಡಿಸೆಂಬರ್‌ನಲ್ಲಿ ಕೂತುಕೊಳ್ತದೆ.